ಕೊಡಲಿ, ಕಾವು, ಕೈ

ಪ್ರಶ್ನೆ: ನನ್ನ ಮಗಳು ಒಂಬತ್ತನೇ ತರಗತಿ. ಅವಳ ಇಂಗ್ಲಿಷ್ ಮೇಡಂ ಗೀವ್ ಪಟೇಲ್ ಅವರ ‘ಆನ್ ಕಿಲಿಂಗ್ ಎ ಟ್ರೀ’ ಪದ್ಯ ಓದಿಸಿದರು. ಮರವನ್ನು ಹೇಗೆ ಸಾಯಿಸಬೇಕು ಅಂತ ಅದರಲ್ಲಿ ಹಂತ ಹಂತವಾಗಿ ಹೇಳಿದೆ. ಓದಿ ನನಗೆ ಕಸಿವಿಸಿಯಾಯಿತು. ಇಂಥದ್ದನ್ನು ಮಕ್ಕಳಿಗೆ ಯಾಕೆ ಓದಿಸಬೇಕು? ನಾನೂ ಆಗಾಗ ಪದ್ಯ ಬರೆಯುತ್ತೇನೆ. ಹೋದ ವರ್ಷ ನಮ್ಮೂರ ರಸ್ತೆ ಅಗಲ ಮಾಡಲು ಎರಡೂ ಬದಿಯ ಹುಣಸೆ, ಮಾವು, ಹೊಂಗೆ ಎಲ್ಲ ಕಡಿದರು. ಈಗ ಮಗಳ ಸ್ಕೂಲ್ ಬಸ್ಸು ಕಾಲು ಗಂಟೆ ಬೇಗ ತಲುಪುತ್ತದೆ. ಆದರೆ ಆ ರಸ್ತೆಯನ್ನು ನೋಡೋಕಾಗುವುದಿಲ್ಲ. ಅದರ ಮೇಲೆ ಬರೆದ ಪದ್ಯವನ್ನು ಜೊತೆಗಿಟ್ಟಿದ್ದೇನೆ. ಮಗಳು ಎರಡನ್ನೂ ಓದಿ, “ಅಮ್ಮಾ, ಅವರ ಪದ್ಯದಲ್ಲಿ ಬೈಗುಳವೇ ಇಲ್ಲ, ಆದರೂ ಅದೇ ಜಾಸ್ತಿ ನೋವಾಗುತ್ತೆ” ಅಂದಳು. ಯಾಕೆ ಹಾಗೆ? ಪ್ರಕೃತಿಯ ಮೇಲೆ ಮನುಷ್ಯ ಮಾಡುವ ಹಿಂಸೆಯನ್ನು ಆಧುನಿಕ ಕವಿಗಳು ಹೇಗೆ ಬರೆಯುತ್ತಾರೆ?
— ತುಮಕೂರು ಕಡೆಯ ಒಬ್ಬ ಓದುಗರು

ಉತ್ತರ: ನಿಮ್ಮ ಮಗಳು ಹೇಳಿದ್ದು ಸರಿ. ಆ ವಯಸ್ಸಿಗೇ ಈ ವ್ಯತ್ಯಾಸ ಹಿಡಿದಳಲ್ಲ, ಓದಿ ಬಹಳ ಸಂತೋಷವಾಯಿತು. ನಾನು ಮೂವತ್ತು ವರ್ಷ ಕಾಲೇಜಿನಲ್ಲಿ ಕವಿತೆ ಪಾಠ ಮಾಡಿದವನು. ನಿಮ್ಮ ಪ್ರಶ್ನೆಗೆ ನಾನು ಹೇಳಬೇಕೆಂದಿರುವುದೆಲ್ಲ ಅವಳ ಆ ಒಂದು ಮಾತಿನ ಸುತ್ತಲೇ ಇದೆ. ಇಂಗ್ಲಿಷ್ ಪದ್ಯದಿಂದ ಶುರು ಮಾಡಿದ್ದೀರಿ, ನಾನೂ ಹೆಚ್ಚಾಗಿ ಅಲ್ಲೇ ಇರುತ್ತೇನೆ. ಕೆಲವೇ ಪದ್ಯಗಳನ್ನು ಹತ್ತಿರದಿಂದ ನೋಡೋಣ.

ಮೊದಲು ಪಟೇಲರ ಪದ್ಯ. ಗೀವ್ ಪಟೇಲ್ ಮುಂಬೈಯವರು, ವೃತ್ತಿಯಿಂದ ಡಾಕ್ಟರ್. ಚಿತ್ರ ಬಿಡಿಸುತ್ತಿದ್ದರು, ನಾಟಕವನ್ನೂ ಬರೆದರು. 1940ರಲ್ಲಿ ಹುಟ್ಟಿದರು, 2023ರಲ್ಲಿ ತೀರಿಕೊಂಡರು. ಈ ಪದ್ಯ 1966ರಲ್ಲಿ ಬಂದ ಅವರ ಮೊದಲ ಸಂಕಲನದ್ದು.

ಪದ್ಯ ಹೇಳುವುದು ಇಷ್ಟು. ಮರವನ್ನು ಕೊಲ್ಲೋಕೆ ಬಹಳ ಹೊತ್ತು ಬೇಕು. ಚಾಕುವಿನಿಂದ ಒಂದು ಸಲ ತಿವಿದರೆ ಆಗದು. ಅದು ನಿಧಾನವಾಗಿ ಭೂಮಿಯನ್ನು ಉಣ್ಣುತ್ತಾ ಬೆಳೆದದ್ದು. ವರ್ಷಗಟ್ಟಲೆ ಬಿಸಿಲು, ಗಾಳಿ, ನೀರು ಹೀರಿದೆ. ಕುಷ್ಠ ಹಿಡಿದಂಥ ಚರ್ಮದಿಂದ ಎಲೆ ಹೊರಡಿಸಿದೆ. ಆದ್ದರಿಂದ ಕಡಿಯಬೇಕು, ಕೊಚ್ಚಬೇಕು. ಆ ನೋವೂ ಸಾಲದು. ರಕ್ತ ಸೋರುವ ತೊಗಟೆ ಮಾಯುತ್ತದೆ. ನೆಲದ ಹತ್ತಿರ ಸುರುಳಿ ಸುತ್ತಿದ ಹಸಿರು ಕಡ್ಡಿಗಳು ಏಳುತ್ತವೆ. ಹಾಗೇ ಬಿಟ್ಟರೆ ಮತ್ತೆ ಮೊದಲಿನಷ್ಟೇ ದೊಡ್ಡದಾಗುತ್ತವೆ. ಅದಕ್ಕೆ ಬೇರನ್ನೇ ಕೀಳಬೇಕು. ಹಗ್ಗ ಕಟ್ಟಿ ಎಳೆಯಬೇಕು. ನೆಲದ ಗವಿಯೊಳಗಿಂದ ಅದು ಹೊರಗೆ ಬರಬೇಕು. ಬೆಳ್ಳಗೆ, ಒದ್ದೆಯಾಗಿ, ಇಷ್ಟು ವರ್ಷ ಬಚ್ಚಿಟ್ಟುಕೊಂಡಿದ್ದ, ಮುಟ್ಟಿದರೆ ನೋಯುವ ಜಾಗ ಅದು. ಆಮೇಲೆ ಬಿಸಿಲಿಗೆ ಬಿಡುವುದು. ಬೇರು ಕಂದು ಬಣ್ಣಕ್ಕೆ ತಿರುಗಿ, ಗಟ್ಟಿಯಾಗಿ, ಸೊಟ್ಟಗಾಗಿ, ಬಾಡುತ್ತದೆ. ಅಲ್ಲಿಗೆ ಕೆಲಸ ಮುಗಿಯಿತು.

ಈ ಪದ್ಯದಲ್ಲಿ ಮನುಷ್ಯ ಎಲ್ಲಿದ್ದಾನೆ ಅಂತ ಹುಡುಕಿ ನೋಡಿ. ಸಿಗುವುದಿಲ್ಲ. ‘ನಾನು’ ಇಲ್ಲ, ‘ಅವನು’ ಇಲ್ಲ, ‘ಓ ಮನುಜ’ ಅಂತೂ ಇಲ್ಲವೇ ಇಲ್ಲ. ಬರೀ ಮಾಡಬೇಕಾದ ಕೆಲಸ ಇದೆ. ಅಡುಗೆ ಪುಸ್ತಕದಲ್ಲಿ ‘ಸಾಸಿವೆ ಸಿಡಿಸಿ, ಕರಿಬೇವು ಹಾಕಿ’ ಅಂತ ಓದಿದಾಗ ನಾವು ಯಾರಿಗೆ ಹೇಳಿದ್ದು ಅಂತ ಕೇಳುವುದಿಲ್ಲ. ಸುಮ್ನೆ ಸೌಟು ಹಿಡಿಯುತ್ತೇವೆ, ಅಲ್ವಾ? ಇಲ್ಲೂ ಹಾಗೇ. ಕೊಲ್ಲುವವನ ಜಾಗ ಖಾಲಿ ಇದೆ. ಓದುತ್ತಾ ಓದುತ್ತಾ ನಮ್ಮ ಕೈ ಆ ಜಾಗಕ್ಕೆ ಹೋಗಿ ಕೂರುತ್ತದೆ. ನಿಮಗೆ ಆದ ಕಸಿವಿಸಿ ಅದೇ. ಪದ್ಯ ಕೆಟ್ಟದ್ದು ಅಂತ ಅಲ್ಲ, ಪದ್ಯ ನಿಮ್ಮನ್ನು ಒಳಗೆ ಕರೆದುಕೊಂಡಿತು ಅಂತ ಅದರ ಅರ್ಥ.

ಇನ್ನೊಂದು ವಿಷಯ ಆ ಹೆಸರಿನಲ್ಲೇ ಇದೆ. ನಾವು ಮರ ‘ಕಡಿಯುತ್ತೇವೆ’, ‘ಉರುಳಿಸುತ್ತೇವೆ’. ಕಚೇರಿಯ ಕಾಗದದಲ್ಲಾದರೆ ‘ತೆರವುಗೊಳಿಸುತ್ತೇವೆ’. ಪೇಪರಿನಲ್ಲೂ ‘ಮರಗಳ ತೆರವು ಕಾರ್ಯ’ ಅಂತಲೇ ಬರುತ್ತದೆ. ಕುರ್ಚಿ ಮೇಜು ಪಕ್ಕಕ್ಕಿಟ್ಟ ಹಾಗೆ. ಮರವನ್ನು ‘ಕೊಂದೆವು’ ಅಂತ ಯಾರೂ ಅನ್ನುವುದಿಲ್ಲ. ಪಟೇಲರು ಆ ಪದವನ್ನೇ ಇಟ್ಟರು. ಇಟ್ಟ ಮೇಲೆ ಆಸ್ಪತ್ರೆಯ ಮಾತುಗಳೆಲ್ಲ ಹಿಂದೆಯೇ ಬಂದವು: ಚರ್ಮ, ರಕ್ತ, ಮಾಯುವುದು, ನೋವು. ಗಾಯ ಹೇಗೆ ಮಾಯುತ್ತದೆ ಅಂತ ಚೆನ್ನಾಗಿ ಬಲ್ಲವರು ಡಾಕ್ಟರು. ಮಾಯದ ಹಾಗೆ ಮಾಡುವುದು ಹೇಗೆ ಅನ್ನುವುದೂ ಅವರಿಗೇ ಗೊತ್ತಿರುತ್ತದೆ. ಆ ತಿಳಿವಳಿಕೆಯೇ ಈ ಪದ್ಯವನ್ನು ಭಯಂಕರ ಮಾಡಿದೆ.

ಮಕ್ಕಳಿಗೆ ಓದಿಸಬೇಕೇ ಅಂತ ಕೇಳಿದಿರಿ. ಖಂಡಿತ ಓದಿಸಬೇಕು. ‘ಮರ ಬೆಳೆಸಿ’ ಅಂತ ಗೋಡೆ ಮೇಲೆ ಓದಿದ ಮಗುವಿಗೆ ಮರ ಒಂದು ಒಳ್ಳೆಯ ವಿಷಯ, ಅಷ್ಟೆ. ಈ ಪದ್ಯ ಓದಿದ ಮಗುವಿಗೆ ಮರ ಒಂದು ಜೀವ. ಅದಕ್ಕೆ ಸಾಯೋಕೆ ಇಷ್ಟವಿಲ್ಲ ಅಂತ ಆ ಮಗುವಿಗೆ ಗೊತ್ತಾಗುತ್ತದೆ.

ನನ್ನದೇ ಒಂದು ಅನುಭವ ಹೇಳುತ್ತೇನೆ. ನಮ್ಮ ಮನೆ ಗೇಟಿನ ಪಕ್ಕ ಒಂದು ಹೊಂಗೆ ಮರ ಇತ್ತು. ಅದರ ಬೇರು ನೀರಿನ ಸಂಪಿನ ಕಡೆ ಇಳಿದು ಗೋಡೆ ಬಿರುಕು ಬಿಟ್ಟಿತು. ಇಬ್ಬರು ಬಂದು ಅರ್ಧ ದಿನದಲ್ಲಿ ಮರ ಇಳಿಸಿದರು. ಒಂದು ಗೇಣು ಬೊಡ್ಡೆ ಉಳಿಯಿತು. ಮಳೆ ಬಿದ್ದ ವಾರಕ್ಕೆ ಅದರ ಅಂಚಿನಲ್ಲಿ ಚಿಗುರು ಕಾಣಿಸಿತು, ಎಣ್ಣೆ ಸವರಿದ ಹಾಗೆ ಹೊಳೆಯುತ್ತಿತ್ತು. ಬೆಳಿಗ್ಗೆ ಹಾಲಿಗೆ ಕಾಯುತ್ತಾ ನಾನೇ ಅದನ್ನು ಚಿವುಟಿ ಹಾಕಿದೆ. ಎರಡು ಬೆರಳು ಸಾಕು, ಉಗುರಿಗೆ ಹಸಿರು ಹತ್ತುತ್ತದೆ, ಅಷ್ಟೆ. ಕೆಲವು ದಿನ ಬಿಟ್ಟು ಮತ್ತೆ ಬಂತು. ಮತ್ತೆ ಚಿವುಟಿದೆ. ಆಷಾಢ ಮುಗಿಯುವವರೆಗೂ ಹೀಗೇ ನಡೆಯಿತು. ಕೊನೆಗೆ ಒಬ್ಬರು ಹಾರೆ ತಂದು ಬೇರು ಮೀಟಿದರು. ಮಣ್ಣು ಉದುರಿ, ಸಿಪ್ಪೆ ಕಿತ್ತುಬಂದ ಕಡೆ ಬೇರು ಬೆಳ್ಳಗೆ, ಒದ್ದೆಯಾಗಿತ್ತು. ಪಟೇಲರ ಆ ಎರಡು ಪದಗಳನ್ನು ತರಗತಿಯಲ್ಲಿ ಅದೆಷ್ಟು ಸಲ ವಿವರಿಸಿದ್ದೆನೋ. ಕಣ್ಣಾರೆ ನೋಡಿದ್ದು ಅವತ್ತೇ. ಮರ ಇಳಿಸಿದವರು ಯಾರೋ ಇರಬಹುದು. ಆದರೆ ಆ ಚಿಗುರನ್ನು ಇಷ್ಟು ವಾರ ಚಿವುಟಿದ್ದು ನನ್ನ ಬೆರಳು.

ಈಗ ನಿಮ್ಮ ದೊಡ್ಡ ಪ್ರಶ್ನೆಗೆ ಬರುತ್ತೇನೆ. ನಮ್ಮಲ್ಲಿ ಒಂದು ಗಾದೆ ಇದೆ, ‘ಕೊಡಲಿ ಕಾವು ಕುಲಕ್ಕೆ ಸಾವು’ ಅಂತ. ಕೊಡಲಿಗೆ ಹಾಕಿದ ಕಾವು ಮರದ್ದೇ. ಮರವೇ ಮರಕ್ಕೆ ಮೃತ್ಯುವಾಯಿತು ಅಂತ ಅರ್ಥ. ಒಳ್ಳೆಯ ಗಾದೆ, ಮನೆಮುರುಕರ ಬಗ್ಗೆ ಹೇಳುವಾಗ ಬಹಳ ಹೊಂದುತ್ತದೆ. ಆದರೆ ಅದರಲ್ಲಿ ಕೊಡಲಿ ಇದೆ, ಕಾವು ಇದೆ, ಕಡಿಸಿಕೊಂಡ ಮರ ಇದೆ. ಕಾವನ್ನು ಹಿಡಿದ ಕೈ ಮಾತ್ರ ಇಲ್ಲ. ಪ್ರಕೃತಿಯ ಮೇಲಿನ ಹಿಂಸೆಯ ಬಗ್ಗೆ ಆಧುನಿಕ ಕವಿತೆ ಮಾಡಿದ ಮುಖ್ಯ ಕೆಲಸ ಆ ಕೈಯನ್ನು ತೋರಿಸಿದ್ದು. ಅದೂ ಕವಿಯ ಸ್ವಂತ ಕೈಯನ್ನು.

ಹಿಂದಿನ ಕಾವ್ಯದಲ್ಲಿ ಹಿಂಸೆ ಇರಲಿಲ್ಲ ಅಂತಲ್ಲ. ಕಾವ್ಯ ಹುಟ್ಟಿದ ಕಥೆಯೇ ಒಂದು ಹಕ್ಕಿಯ ಸಾವಿನದು. ಕ್ರೌಂಚ ಜೋಡಿಯಲ್ಲಿ ಒಂದನ್ನು ಬೇಡ ಹೊಡೆದುರುಳಿಸಿದ. ವಾಲ್ಮೀಕಿಯ ಬಾಯಿಂದ ‘ಮಾ ನಿಷಾದ’ ಬಂತು. ಅಲ್ಲಿ ಹೊಡೆದವನು ಬೇಡ, ಅತ್ತವನು ಕವಿ. ಇಬ್ಬರೂ ಬೇರೆ ಬೇರೆ. ಕವಿಗೆ ಶಾಪ ಹಾಕುವ ಅಧಿಕಾರ ಇತ್ತು. ಮಹಾಭಾರತದ ಖಾಂಡವದಹನದಲ್ಲಿ ಇದು ಇನ್ನೊಂದು ಥರ. ಕಾಡು ಸುಟ್ಟವರು ಕೃಷ್ಣ, ಅರ್ಜುನ. ಬೆಂಕಿಯಿಂದ ಪಾರಾಗಲು ಹಾರಿದ ಹಕ್ಕಿಗಳನ್ನೂ ಬಾಣ ಬಿಟ್ಟು ಕೆಡವಿದರು. ಆದರೆ ಅದು ಶೌರ್ಯದ ಕಥೆ. ನಮ್ಮ ಪಂಪನೂ ಅದನ್ನು ತನ್ನ ನಾಯಕನ ಪರಾಕ್ರಮವಾಗಿಯೇ ಹಾಡಿದ. ಆ ಬೆಂಕಿಯಿಂದ ತಪ್ಪಿಸಿಕೊಂಡ ಒಂದು ಹಾವಿನ ಮರಿ, ಅಶ್ವಸೇನ, ತಾಯಿಯನ್ನು ಕಳೆದುಕೊಂಡು, ವರ್ಷಗಳ ಮೇಲೆ ಕರ್ಣನ ಬಾಣವಾಗಿ ತಿರುಗಿ ಬರುತ್ತದೆ. ಅಷ್ಟರ ಮಟ್ಟಿಗೆ ಆ ಕಥೆಗೂ ಲೆಕ್ಕ ನೆನಪಿತ್ತು.

ಇಂಗ್ಲಿಷಿನಲ್ಲಿ ತಿರುವು ಬಂದದ್ದು 1798ರಲ್ಲಿ, ಕೋಲ್‌ರಿಜ್‌ನ ಮುದಿ ನಾವಿಕನ ಪದ್ಯದಲ್ಲಿ. ಹಡಗಿನ ಜೊತೆ ಹಾರುತ್ತಾ ಬರುತ್ತಿದ್ದ ಆಲ್ಬಟ್ರಾಸ್ ಎಂಬ ದೊಡ್ಡ ಕಡಲಹಕ್ಕಿಯನ್ನು ನಾವಿಕ ಹೊಡೆದು ಕೊಲ್ಲುತ್ತಾನೆ. ಯಾಕೆ? ಅವನು ಹೇಳುವುದೇ ಇಲ್ಲ. ನಾನು ಹೊಡೆದೆ ಅನ್ನುತ್ತಾನೆ, ಅಷ್ಟೆ. ಜೊತೆಯವರು ನಡೆದುಕೊಂಡ ರೀತಿ ನನಗೆ ಇನ್ನೂ ಮುಖ್ಯ ಅನ್ನಿಸುತ್ತದೆ. ಮೊದಲು ಅವನಿಗೆ ಛೀಮಾರಿ ಹಾಕುತ್ತಾರೆ, ಒಳ್ಳೆಯ ಗಾಳಿ ತಂದ ಹಕ್ಕಿಯನ್ನು ಕೊಂದೆ ಅಂತ. ಮಂಜು ಸರಿದು ಬಿಸಿಲು ಬಂದ ಕೂಡಲೇ, ಕೊಂದದ್ದು ಸರಿ, ಮಂಜು ತಂದದ್ದು ಆ ಹಕ್ಕಿಯೇ ಅನ್ನುತ್ತಾರೆ. ತಮಗೆ ಲಾಭವಾದ ತಕ್ಷಣ ಮಾತು ತಿರುಗಿತು. ಅಲ್ಲಿಂದ ಅವರೂ ಪಾಲುದಾರರು.

ಈ ಹಕ್ಕಿಯನ್ನು ನೆನೆಸಿಕೊಂಡವನು ಡಿ. ಎಚ್. ಲಾರೆನ್ಸ್. ಅವನ ‘ಸ್ನೇಕ್’ ಪದ್ಯ 1923ರ ಸಂಕಲನದಲ್ಲಿದೆ. ಸಿಸಿಲಿಯ ತಾವೊರ್ಮಿನಾದಲ್ಲಿ ಇದ್ದಾಗಿನ ಪದ್ಯ. ಜುಲೈ ತಿಂಗಳ ಸುಡುಬಿಸಿಲು. ದೂರದಲ್ಲಿ ಎಟ್ನಾ ಜ್ವಾಲಾಮುಖಿ ಹೊಗೆಯಾಡುತ್ತಿದೆ. ಪೈಜಾಮದಲ್ಲೇ ಹೂಜಿ ಹಿಡಿದು ನೀರಿನ ತೊಟ್ಟಿಗೆ ಬಂದರೆ ಅಲ್ಲೊಂದು ಮಣ್ಣು ಬಂಗಾರದ ಬಣ್ಣದ ಹಾವು ನೀರು ಕುಡಿಯುತ್ತಿದೆ. ತನಗಿಂತ ಮೊದಲು ಬಂದದ್ದು ಆ ಹಾವು, ಕಾಯಬೇಕು. ಕವಿ ನಿಂತು ಕಾಯುತ್ತಾನೆ. ಮನೆಗೆ ಅತಿಥಿ ಬಂದಷ್ಟು ಸಂತೋಷ ಅವನಿಗೆ. ಆದರೆ ಕಲಿತ ಪಾಠ ಕಿವಿಯಲ್ಲಿ ಹೇಳುತ್ತದೆ, ಇದು ವಿಷದ ಹಾವು, ಕೊಲ್ಲು. ಗಂಡಸಾದರೆ ದೊಣ್ಣೆ ತಗೊಂಡು ಹೊಡಿ.

ಕನ್ನಡದವರಿಗೆ ಇಲ್ಲಿ ಬಸವಣ್ಣನವರ ಮಾತು ಕಿವಿಗೆ ಬೀಳದೆ ಇರುವುದಿಲ್ಲ. ‘ಕಲ್ಲ ನಾಗರ ಕಂಡರೆ ಹಾಲನೆರೆ ಎಂಬರು, ದಿಟದ ನಾಗರ ಕಂಡರೆ ಕೊಲ್ಲೆಂಬರಯ್ಯ.’ ಲಾರೆನ್ಸನ ಕಿವಿಯಲ್ಲಿ ಕೂಗಿದ್ದೂ ಇದೇ ‘ಕೊಲ್ಲೆಂಬರು’. ಒಂದು ವ್ಯತ್ಯಾಸ ಗಮನಿಸಿ. ವಚನದಲ್ಲಿ ‘ಎಂಬರು’, ಅಂದರೆ ಜನ ಹಾಗನ್ನುತ್ತಾರೆ. ವಚನ ಜನರ ಕಡೆ ಬೆರಳು ತೋರಿಸುತ್ತದೆ. ಲಾರೆನ್ಸನಲ್ಲಿ ಆ ಜನ ಅವನೊಳಗೇ ಇದ್ದಾರೆ. ಗೆಲ್ಲುವವರೂ ಅವರೇ. ಹಾವು ತೃಪ್ತಿಯಾಗಿ ಕುಡಿದು, ನಿಧಾನವಾಗಿ ತಿರುಗಿ, ಗೋಡೆಯ ಬಿರುಕಿನೊಳಗೆ ಹೋಗುತ್ತಿರುವಾಗ ಅವನು ಒಂದು ಮರದ ತುಂಡು ಎತ್ತಿ ಎಸೆಯುತ್ತಾನೆ. ಎದುರಿಗಿದ್ದಾಗ ಅಲ್ಲ, ಬೆನ್ನು ತಿರುಗಿಸಿದ ಮೇಲೆ. ಹಾವಿಗೆ ತಗುಲಿತೋ ಇಲ್ಲವೋ, ಹೊರಗಿದ್ದ ಬಾಲದ ಭಾಗ ಗಾಬರಿಯಿಂದ ಒದ್ದಾಡಿ ಮಾಯವಾಗುತ್ತದೆ. ಅಷ್ಟು ಗಂಭೀರವಾಗಿದ್ದ ಪ್ರಾಣಿಯ ಮರ್ಯಾದೆಯನ್ನು ತಾನು ಕಳೆದೆ ಅಂತ ಅವನಿಗೆ ನಾಚಿಕೆಯಾಗುತ್ತದೆ. ಕೊನೆಗೆ ತಾನು ತೀರಿಸಬೇಕಾದ್ದು ಒಂದು ‘ಸಣ್ಣತನ’ ಅನ್ನುತ್ತಾನೆ. ಪಾಪ ಅನ್ನಲಿಲ್ಲ, ಅಪರಾಧ ಅನ್ನಲಿಲ್ಲ. ಆ ಪದದ ಆಯ್ಕೆ ನನಗೆ ಬಹಳ ಇಷ್ಟ. ನಾವು ಗಿಡಮರ, ಹುಳುಹುಪ್ಪಟೆಗೆ ಮಾಡುವ ಬಹುಪಾಲು ಹಿಂಸೆ ರಾಕ್ಷಸತನದ್ದಲ್ಲ, ಸಣ್ಣತನದ್ದೇ.

ಈಗ ನಾನು ತುಂಬ ಸಲ ಓದಿದ, ಓದಿದಾಗಲೆಲ್ಲ ಗಂಟಲು ಕಟ್ಟುವ ಪದ್ಯಕ್ಕೆ ಬರುತ್ತೇನೆ. ಅಮೆರಿಕದ ವಿಲಿಯಂ ಸ್ಟ್ಯಾಫರ್ಡ್ ಬರೆದ ‘ಟ್ರಾವೆಲಿಂಗ್ ಥ್ರೂ ದ ಡಾರ್ಕ್’. ಅದೇ ಹೆಸರಿನ 1962ರ ಸಂಕಲನಕ್ಕೆ ಮರುವರ್ಷ ಅಲ್ಲಿನ ನ್ಯಾಷನಲ್ ಬುಕ್ ಅವಾರ್ಡ್ ಬಂತು. ಸ್ಟ್ಯಾಫರ್ಡ್ ಎರಡನೇ ಮಹಾಯುದ್ಧದಲ್ಲಿ, ಕೊಲ್ಲಲಾರೆ ಎಂದು ಸೈನ್ಯ ಸೇರಲು ಒಪ್ಪದ ಮನುಷ್ಯ. ಅದಕ್ಕೆ ಬದಲಾಗಿ ಕಾಡಿನ ಕೆಲಸದ ಶಿಬಿರಗಳಲ್ಲಿ ವರ್ಷಗಳನ್ನು ಕಳೆದವನು. ಈ ಪದ್ಯ ಓದುವಾಗ ಇದು ನೆನಪಿರಲಿ.

ಹದಿನೆಂಟೇ ಸಾಲು. ಆರೆಗನ್ ರಾಜ್ಯದ ವಿಲ್ಸನ್ ನದಿ ರಸ್ತೆ. ರಾತ್ರಿ. ರಸ್ತೆ ಅಂಚಿನಲ್ಲಿ ಒಂದು ಜಿಂಕೆ ಸತ್ತು ಬಿದ್ದಿದೆ. ಯಾವುದೋ ಗಾಡಿ ಹೊಡೆದು ಹೋಗಿದೆ. ಇಂಥದ್ದನ್ನು ಕಣಿವೆಗೆ ಉರುಳಿಸಿಬಿಡುವುದೇ ಒಳ್ಳೆಯದು ಅನ್ನುತ್ತಾನೆ. ರಸ್ತೆ ಕಿರಿದು, ಹಿಂದೆ ಬರುವವರು ಗಾಡಿ ಹೊರಳಿಸಿದರೆ ಇನ್ನಷ್ಟು ಸಾವು. ಕೆಳಗಿಳಿದು ಎಳೆಯುತ್ತಾನೆ. ಹೊಟ್ಟೆ ದೊಡ್ಡದಿದೆ. ಪಕ್ಕೆಗೆ ಬೆರಳು ತಾಗುತ್ತದೆ. ಬೆಚ್ಚಗಿದೆ. ಒಳಗೆ ಮರಿ ಜೀವಂತವಾಗಿದೆ, ಹುಟ್ಟೋಕೆ ಕಾಯುತ್ತಿದೆ, ಎಂದೂ ಹುಟ್ಟುವುದಿಲ್ಲ.

ಅವನು ಅಲ್ಲೇ ತಡೆಯುತ್ತಾನೆ. ಕಾರಿನ ಪಾರ್ಕಿಂಗ್ ದೀಪ ಮುಂದಕ್ಕೆ ನೋಡುತ್ತಿದೆ. ಇಂಜಿನ್ ಬೆಕ್ಕಿನ ಹಾಗೆ ಗುರುಗುಟ್ಟುತ್ತಿದೆ. ಹಿಂದಿನ ಕೆಂಪು ದೀಪದಲ್ಲಿ ಸೈಲೆನ್ಸರಿನ ಬಿಸಿ ಹೊಗೆ ಕೆಂಪಾಗಿದೆ. ನೋಡಿ, ಇಲ್ಲಿ ಬೆಚ್ಚಗಿರುವುದು ಎರಡು, ಮರಿ ಇರುವ ಹೊಟ್ಟೆ ಮತ್ತು ಕಾರು. ಉಸಿರಾಡುತ್ತಿರುವ ಹಾಗೆ ಕಾಣುವುದು ಕಾರು. ಸುತ್ತ ಕಾಡು ಕಿವಿಗೊಟ್ಟು ಕೇಳುವುದು ಅವನಿಗೆ ತಿಳಿಯುತ್ತದೆ. ನಮ್ಮೆಲ್ಲರ ಪರವಾಗಿ ನಾನು ಆಳವಾಗಿ ಯೋಚಿಸಿದೆ, ನಾನು ಹೊರಳಿದ್ದು ಅಷ್ಟೇ ಅನ್ನುತ್ತಾನೆ. ಆಮೇಲೆ ಅವಳನ್ನು ನದಿಗೆ ತಳ್ಳುತ್ತಾನೆ.

‘ಹೊರಳು’ ಅನ್ನುವ ಒಂದೇ ಪದ ಎರಡು ಸಲ ಬರುತ್ತದೆ. ಮೊದಲು ಗಾಡಿಗೆ, ಆಮೇಲೆ ಮನಸ್ಸಿಗೆ. ಗಾಡಿ ಹೊರಳಿದರೆ ಅಪಾಯ ಅಂತ ಶುರುವಿನಲ್ಲೇ ಹೇಳಿದವನು, ಮನಸ್ಸು ಒಂದು ಕ್ಷಣ ಹೊರಳಲು ಬಿಟ್ಟ. ಅಷ್ಟು ಹೊತ್ತು ಪದ್ಯ ಇದೆ. ‘ನಮ್ಮೆಲ್ಲರ’ ಅಂದರೆ ಯಾರು ಅಂತ ವಿದ್ಯಾರ್ಥಿಗಳು ಕೇಳುತ್ತಿದ್ದರು. ನನ್ನ ಪ್ರಕಾರ ಜಿಂಕೆ, ಮರಿ, ಕಾರು, ಕಾಡು, ಹಿಂದೆ ಬರಲಿರುವ ಗಾಡಿಯವರು, ಅವನು, ಎಲ್ಲರೂ. ಇಲ್ಲಿ ಖಳನಾಯಕ ಯಾರು ಹೇಳಿ? ಜಿಂಕೆಗೆ ಹೊಡೆದವನು ಹೋಗಿಯಾಗಿದೆ. ಉಳಿದದ್ದು ಒಬ್ಬ ಒಳ್ಳೆಯ ಮನುಷ್ಯ, ಸರಿಯಾದ ಕಾರಣ, ಒಂದು ತಳ್ಳುವ ಕೈ.

ಬಂಡೀಪುರದ ಹೆದ್ದಾರಿಯಲ್ಲಿ 2009ರಿಂದ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಬಿಡುವುದಿಲ್ಲ. ತುರ್ತು ವಾಹನ, ಕೆಲವು ಬಸ್ಸು ಬಿಟ್ಟರೆ ರಸ್ತೆ ಕಾಡಿನದು. ಅದಕ್ಕೆ ಮೊದಲು ರಾತ್ರಿ ಹೊತ್ತು ಅಲ್ಲಿ ಗಾಡಿಗೆ ಸಿಕ್ಕಿ ಸತ್ತ ಪ್ರಾಣಿಗಳು ಅನೇಕ. ಆ ನಿಷೇಧ ತೆಗೆಯಬೇಕೆಂಬ ಒತ್ತಾಯ ಬಂದಾಗಲೆಲ್ಲ ನನಗೆ ಸ್ಟ್ಯಾಫರ್ಡ್ ಕಾರು ನಿಲ್ಲಿಸಿ ತಡೆದ ಆ ಕ್ಷಣ ನೆನಪಾಗುತ್ತದೆ.

ಇಂಗ್ಲೆಂಡಿನ ಫಿಲಿಪ್ ಲಾರ್ಕಿನ್ ಹಲ್ ಊರಿನ ವಿಶ್ವವಿದ್ಯಾಲಯದಲ್ಲಿ ಲೈಬ್ರರಿಯನ್ ಆಗಿದ್ದವನು. 1979ರಲ್ಲಿ ಬರೆದ ‘ದ ಮೋವರ್’ ಹನ್ನೊಂದು ಸಾಲಿನ ಪದ್ಯ. ಹುಲ್ಲು ಕತ್ತರಿಸುವ ಯಂತ್ರ ಎರಡು ಸಲ ನಿಂತುಹೋಗುತ್ತದೆ. ಮಂಡಿಯೂರಿ ನೋಡಿದರೆ ಬ್ಲೇಡಿಗೆ ಹೆಡ್ಜ್‌ಹಾಗ್ ಸಿಕ್ಕಿಕೊಂಡಿದೆ. ಮೈತುಂಬ ಮುಳ್ಳಿರುವ, ಯಾರ ಗೊಡವೆಗೂ ಹೋಗದ ಪುಟ್ಟ ಪ್ರಾಣಿ. ಹಿಂದೊಮ್ಮೆ ಅದಕ್ಕೆ ಅವನೇ ತಿನ್ನಲು ಕೊಟ್ಟಿದ್ದ. ಮಾರನೇ ದಿನ ಬೆಳಿಗ್ಗೆ ನಾನು ಎದ್ದೆ, ಅದು ಏಳಲಿಲ್ಲ ಅನ್ನುತ್ತಾನೆ. ನಾವು ಒಬ್ಬರನ್ನೊಬ್ಬರು ಜೋಪಾನ ಮಾಡಬೇಕು, ಕಾಲ ಇರುವಾಗಲೇ ಕರುಣೆ ತೋರಬೇಕು ಅಂತ ಪದ್ಯ ಮುಗಿಯುತ್ತದೆ. ಇದು ನೇರ ಉಪದೇಶವೇ, ಅಲ್ವಾ? ಆದರೂ ಒಪ್ಪಿಕೊಳ್ಳುತ್ತೇವೆ. ಹೇಳುತ್ತಿರುವವನ ಮಂಡಿಗೆ ಇನ್ನೂ ಹುಲ್ಲು ಅಂಟಿದೆ. ಹಾಗಾಗಿ ಉಪದೇಶವೇ ಕೂಡದು ಅಂತ ನಾನು ಹೇಳುವುದಿಲ್ಲ. ಆದರೆ ಅದಕ್ಕೆ ಮೊದಲು ಯಂತ್ರ ಯಾರ ಕೈಯಲ್ಲಿತ್ತು ಅಂತ ಗೊತ್ತಾಗಬೇಕು.

ಇನ್ನೊಂದು ಬಗೆ ಅಮೆರಿಕದ ಕವಿ ಎಲಿಜಬೆತ್ ಬಿಷಪ್ ಅವರದು. ಅವರು 1951ರಿಂದ ಬಹಳ ವರ್ಷ ಬ್ರೆಜಿಲ್‌ನಲ್ಲಿದ್ದರು. ಅಲ್ಲಿ ಜೂನ್ ತಿಂಗಳ ಸಂತನ ಹಬ್ಬಕ್ಕೆ ಜನ ಕಾಗದದ ಬೆಂಕಿ ಬಲೂನುಗಳನ್ನು ಆಕಾಶಕ್ಕೆ ಬಿಡುತ್ತಾರೆ. ಕಾನೂನಿಗೆ ವಿರುದ್ಧ, ಆದರೂ ಬಿಡುತ್ತಾರೆ. ‘ದ ಆರ್ಮಡಿಲೊ’ ಪದ್ಯದ ಅರ್ಧದವರೆಗೂ ಆ ದೀಪಗಳು ನಕ್ಷತ್ರದ ಹಾಗೆ ಏರುವ ಚೆಂದವೇ ಇದೆ. ಆಮೇಲೆ ಒಂದು ಕೆಳಗೆ ಬಿದ್ದು ಮೊಟ್ಟೆ ಒಡೆದ ಹಾಗೆ ಬೆಂಕಿ ಹರಡುತ್ತದೆ. ಗೂಬೆಗಳ ಹಳೆಯ ಗೂಡು ಸುಡುತ್ತದೆ. ಚಿಪ್ಪಿನ ಮೈಯ ಆರ್ಮಡಿಲೊ ತಲೆ ತಗ್ಗಿಸಿ ಓಡುತ್ತದೆ. ಒಂದು ಮೊಲದ ಮರಿ ಕಣ್ಣಿಗೆ ಬೀಳುತ್ತದೆ. ಇಲ್ಲಿ ಯಾರಿಗೂ ಕೊಲ್ಲುವ ಮನಸ್ಸಿರಲಿಲ್ಲ, ಇದ್ದದ್ದು ಭಕ್ತಿ, ಹಬ್ಬದ ಸಡಗರ. ಕೊನೆಯ ನಾಲ್ಕು ಸಾಲಿನಲ್ಲಿ ಕವಿ ಇದೆಲ್ಲ ತೀರಾ ಚೆಂದವಾಯಿತು ಅಂತ ಸಿಡುಕುತ್ತಾರೆ. ಆ ಸಿಡುಕು ತನ್ನ ಪದ್ಯದ ಮೇಲೂ ಹೌದು ಅಂತ ನಾನು ಓದುತ್ತೇನೆ. ಹಿಂಸೆಯನ್ನು ಚೆಂದದ ಉಪಮೆಗಳಲ್ಲಿ ಬರೆದುಬಿಟ್ಟರೆ ಅದೂ ಬೆಂಕಿ ಬಲೂನೇ ಅಲ್ಲವೇ ಅನ್ನುವ ಅನುಮಾನ ಅದು.

ಅಮೆರಿಕದ ಇನ್ನೊಬ್ಬ ಕವಿ ಡಬ್ಲ್ಯು. ಎಸ್. ಮರ್ವಿನ್ ಬಗ್ಗೆ ಒಂದೆರಡು ಮಾತು ಸಾಕು. 1967ರ ಸಂಕಲನದ ಒಂದು ಪದ್ಯದಲ್ಲಿ ಅವನು ಅಳಿವಿನ ಅಂಚಿನಲ್ಲಿದ್ದ ಬೂದು ತಿಮಿಂಗಿಲವನ್ನು ಕರೆದು ಮಾತಾಡಿಸಿದ. ನಿನ್ನನ್ನು ಅಂತ್ಯ ಎಂಬ ದೇವರ ಬಳಿ ಕಳಿಸುತ್ತಿದ್ದೇವೆ, ಮುಖ್ಯವಾದವರು ನಾವೇ ಅಂತ ಅವನಿಗೆ ಹೇಳು ಅಂದ. ಈ ‘ನಾವು’ ಓದಿದರೆ ಮೈ ಚುಳ್ಳೆನ್ನುತ್ತದೆ. ಸಂತೋಷದ ವಿಷಯ ಅಂದರೆ ತಿಮಿಂಗಿಲ ಅಳಿಯಲಿಲ್ಲ. ಬೇಟೆ ನಿಂತ ಮೇಲೆ ಶಾಂತಸಾಗರದ ಪೂರ್ವದ ಬದಿಯಲ್ಲಿ ಅವು ಹೆಚ್ಚಿದವು, 1994ರಲ್ಲಿ ಅಮೆರಿಕ ಅವನ್ನು ಅಪಾಯದ ಪಟ್ಟಿಯಿಂದ ತೆಗೆಯಿತು. ಮರ್ವಿನ್ ಆಮೇಲೆ ಹವಾಯಿಗೆ ಹೋಗಿ, ಅನಾನಸ್ ಬೆಳೆದು ಬೆಳೆದು ಹಾಳಾಗಿದ್ದ ನೆಲದಲ್ಲಿ, 2019ರಲ್ಲಿ ಸಾಯುವವರೆಗೂ ತಾಳೆ ಜಾತಿಯ ಮರಗಳನ್ನು ನೆಡುತ್ತಾ ಇದ್ದ.

ಹಾಗಾದರೆ ‘ಮರ ಉಳಿಸಿ’ ಅಂತ ನೇರವಾಗಿ ಕೂಗುವುದು ತಪ್ಪೇ? ಇಲ್ಲ. 1983ರ ಸೆಪ್ಟೆಂಬರಿನಲ್ಲಿ ಶಿರಸಿ ಹತ್ತಿರದ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರಗಳನ್ನು ಅಪ್ಪಿಕೊಂಡರು. ‘ಉಳಿಸು, ಬೆಳೆಸು, ಬಳಸು’ ಅನ್ನುವ ಅಪ್ಪಿಕೋ ಚಳವಳಿಯ ಮೂರು ಪದಗಳು ಮಾಡಿದಷ್ಟು ಕೆಲಸ ಎಷ್ಟೋ ಪದ್ಯಗಳು ಮಾಡಿಲ್ಲ. ಘೋಷಣೆ ಎಲ್ಲರೂ ಒಟ್ಟಿಗೆ ಕೂಗೋಕೆ. ಎದುರಿಗೆ ಕೊಡಲಿ ಹಿಡಿದವನು ನಿಂತಿರುವಾಗ ‘ನಾನೂ ತಪ್ಪಿತಸ್ಥ’ ಅಂತ ಯೋಚಿಸುತ್ತಾ ಕೂರೋಕಾಗುವುದಿಲ್ಲ. ಪದ್ಯವನ್ನು ಓದುವುದು ಒಬ್ಬೊಬ್ಬರೇ, ರಾತ್ರಿ ಊಟ ಆದ ಮೇಲೆ, ಬಾಗಿಲು ಹಾಕಿಕೊಂಡು. ಆಗ ಎದುರಿಗೆ ಬೇರೆ ಯಾರೂ ಇರುವುದಿಲ್ಲ.

ಇಷ್ಟು ಹೇಳಿ ನಿಮ್ಮ ಪದ್ಯಕ್ಕೆ ಬರುತ್ತೇನೆ. ‘ಓ ಮನುಜ, ನಿನ್ನ ದುರಾಸೆಗೆ ಕೊನೆಯಿಲ್ಲವೇ’ ಅಂತ ಶುರುವಾಗಿದೆ. ಈ ಮನುಜ ಯಾರು? ಓದುವವರೆಲ್ಲ ಅದು ಪಕ್ಕದವನು ಅಂದುಕೊಳ್ಳುತ್ತಾರೆ. ಬೈಗುಳ ತಲೆ ಮೇಲೆ ಹಾರಿಹೋಗುತ್ತದೆ. ಮಗಳಿಗೆ ನೋವಾಗದೆ ಇದ್ದದ್ದು ಅದಕ್ಕೇ. ಮೊದಲ ಎಂಟು ಸಾಲು ತೆಗೆದುಬಿಡಿ ಅಂತ ನನ್ನ ಸಲಹೆ. ‘ಹಸಿರು ಸಿರಿ’, ‘ವನದೇವಿ’ಯೂ ಬೇಡ. ನಿಮ್ಮೂರ ರಸ್ತೆಯಲ್ಲಿ ಇದ್ದದ್ದು ಹುಣಸೆ, ಮಾವು, ಹೊಂಗೆ. ಆ ಹೆಸರುಗಳೇ ಸಾಕು. ಗರಗಸದ ಸದ್ದು ಎಷ್ಟು ಹೊತ್ತಿಗೆ ಶುರುವಾಯಿತು, ಹುಣಸೆ ಬೀಳಲು ಎಷ್ಟು ಹೊತ್ತು ಹಿಡಿಯಿತು, ಕೊಂಬೆಗಳನ್ನು ಯಾರು ಸೌದೆಗೆ ಒಯ್ದರು, ಇದೆಲ್ಲ ನೀವು ನೋಡಿರುತ್ತೀರಿ. ನೋಡಿದ್ದನ್ನು ಬರೆಯಿರಿ.

ಕೊನೆಯ ಭಾಗದಲ್ಲಿ ಒಂದು ಸಾಲು ಇದೆ. ಮರ ಹೋದ ಮೇಲೆ ಬಸ್ಸಿಗೆ ಕಾಯುವವರು ಕರೆಂಟ್ ಕಂಬದ ನೆರಳಿನಲ್ಲಿ ಒಬ್ಬರ ಹಿಂದೆ ಒಬ್ಬರು ನಿಂತರು ಅಂತ. ಎಂಥ ಸಾಲು ಬರೆದಿದ್ದೀರಿ ಅಂತ ನಿಮಗೆ ಗೊತ್ತೇ? ಕಂಬದ ನೆರಳು ಒಂದು ಅಂಗೈ ಅಗಲ. ಹುಣಸೆ ಮರದ ಕೆಳಗೆ ಗುಂಪಾಗಿ, ಮಾತಾಡುತ್ತಾ ನಿಲ್ಲುತ್ತಿದ್ದ ಜನ ಈಗ ಗೆರೆ ಎಳೆದ ಹಾಗೆ ನಿಂತಿದ್ದಾರೆ. ಹೊತ್ತು ಏರಿದ ಹಾಗೆ ಸಾಲೂ ಕಂಬದ ಸುತ್ತ ಸರಿಯುತ್ತದೆ. ಪದ್ಯವನ್ನು ಅಲ್ಲಿಂದ ಶುರು ಮಾಡಿ.

ಮತ್ತೊಂದು ವಿಷಯವನ್ನು ನೀವು ಪತ್ರದಲ್ಲಿ ಬರೆದಿದ್ದೀರಿ, ಪದ್ಯದಲ್ಲಿ ಬಿಟ್ಟಿದ್ದೀರಿ. ಮಗಳ ಬಸ್ಸು ಈಗ ಕಾಲು ಗಂಟೆ ಬೇಗ ತಲುಪುತ್ತದೆ. ಆ ಕಾಲು ಗಂಟೆಯಲ್ಲಿ ಬೆಳಿಗ್ಗೆ ನಿಮ್ಮ ಮನೆಯಲ್ಲಿ ಏನಾಗುತ್ತದೆ, ಮಗಳು ಇನ್ನಷ್ಟು ನಿದ್ದೆ ಮಾಡುತ್ತಾಳೋ, ನೀವು ನಿಧಾನವಾಗಿ ಜಡೆ ಹಾಕುತ್ತೀರೋ, ಅದನ್ನೂ ಬರೆಯಿರಿ. ತಿದ್ದಿದ ಮೇಲೆ ಮೊದಲು ಅವಳಿಗೆ ಓದಿ ಹೇಳಿ. ಆಮೇಲೆ ನನಗೂ ಕಳಿಸಿ.